ಹೊಳೆ ದಂಡೆಯ ಶಾಮಿಯಾನ

ಕೊಟ್ಟೂರೇಶನ ಬಾಯಿಗೆ ಒಂದು ಹಳೆಯ ಕಾಯಿಲೆ ಇತ್ತು. ಯಾರೇ ಎದುರಾಗಲಿ, ಒಳಗೆ ಮನಸ್ಸು ‘ಇವರು ತೊಲಗಿದರೆ ಸಾಕು’ ಎನ್ನುತ್ತಿರುವಾಗಲೇ ಹೊರಗೆ ಬಾಯಿ “ಬರ್ರಿ, ಊಟ ಮಾಡ್ಕೊಂಡು ಹೋಗ್ರಿ” ಎಂದುಬಿಡುತ್ತಿತ್ತು. ದಾವಣಗೆರೆಯಲ್ಲಿ ಇದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ, ಸಂಸ್ಕಾರ ಎನ್ನುತ್ತಾರೆ. ಕರೆಯುವುದು ಕರೆಯುವವನ ಧರ್ಮ. “ಈಗ ಆತ್ರಿ, ಇನ್ನೊಮ್ಮೆ ಬರ್ತೀನಿ” ಎನ್ನುವುದು ಕರೆಸಿಕೊಂಡವನ ಧರ್ಮ. ಇಬ್ಬರೂ ತಮ್ಮ ತಮ್ಮ ಧರ್ಮಕ್ಕೆ ಅಂಟಿಕೊಂಡರೆ ಯಾರ ಮನೆಯ ಅನ್ನವೂ ಖರ್ಚಾಗುವುದಿಲ್ಲ. ತೊಂಬತ್ತೆಂಟರ ಮೇ ತಿಂಗಳ ಆ ಭಾನುವಾರ ಮಾತ್ರ ಎದುರಾದವರೆಲ್ಲ ಧರ್ಮ ತಪ್ಪಿದರು.

ಪೇಟೆಯಲ್ಲಿ ಅವನದು ಸ್ಟೀಲು ಪಾತ್ರೆ ಅಂಗಡಿ. ಬೇಸಿಗೆ ಬಂತೆಂದರೆ ಮದುವೆಗಳು. ಮದುವೆಗಳೆಂದರೆ ಕೊಡ, ತಟ್ಟೆ, ತಂಬಿಗೆ, ಅವುಗಳ ಮೇಲೆ ಹೆಸರು ಕೆತ್ತುವ ಕೆಲಸ. ಮಗಳು ಸ್ನೇಹಾಳ ಶಾಲೆಗೆ ರಜೆ ಸಿಗುವುದೂ ಅದೇ ಬೇಸಿಗೆಯಲ್ಲಿ. ಟಿ.ವಿ.ಯಲ್ಲಿ ಯಾವುದೋ ಪರದೇಶದ ಅಪ್ಪ, ಅಮ್ಮ, ಮಕ್ಕಳು ನದಿಯ ಪಕ್ಕ ಡೇರೆ ಹಾಕಿ, ಈಜಿ, ಚೆಂಡಾಡಿ, ನಕ್ಷತ್ರ ನೋಡುತ್ತ ಮಲಗಿದ್ದನ್ನು ಕಂಡ ದಿನದಿಂದ “ಅಪ್ಪಾಜಿ, ನಾವೂ ಹೋಗಣ” ಎಂದು ಅವಳು ಹಟ ಹಿಡಿದಿದ್ದಳು. “ಈ ಲಗ್ನಗಳೊಂದು ಮುಗೀಲಿ” ಎಂದು ಅವನು ಹೇಳುತ್ತ ಬಂದ. ಲಗ್ನಗಳು ಮುಗಿಯುವಷ್ಟರಲ್ಲಿ ಶಾಲೆ ಶುರುವಾಗುತ್ತಿತ್ತು. ಹೀಗೇ ಬೇಸಿಗೆಗಳು ಕಳೆದವು. ಒಂದು ವರ್ಷ ಹುಡುಗಿ ಕೇಳುವುದನ್ನೇ ಬಿಟ್ಟಳು. ಅದು ಅವನ ಗಮನಕ್ಕೂ ಬರಲಿಲ್ಲ.

ಈ ಸಲ ಬಂತು. ಸ್ನೇಹಾ ದೂರದ ವಸತಿ ಶಾಲೆಯ ಪರೀಕ್ಷೆ ಪಾಸು ಮಾಡಿದ್ದಳು. ಜೂನ್ ಹುಟ್ಟಿದರೆ ಹಾಸ್ಟೆಲು. ಅವಳ ಹೊಸ ತಟ್ಟೆಯ ಮೇಲೆ ಹೆಸರು ಕೆತ್ತಲು ಕೊಟ್ಟೂರೇಶ ತಾನೇ ಕುಳಿತ. ಊರಿನ ಮದುಮಕ್ಕಳ ಹೆಸರನ್ನೆಲ್ಲ ಕೆತ್ತಿದ ಕೈ ಮಗಳ ಹೆಸರಿನ ಎರಡನೆಯ ಅಕ್ಷರಕ್ಕೆ ಬಂದಾಗ ಜಾರಿ, ಗೆರೆ ಅಡ್ಡ ಹೋಯಿತು. ಸಂಜೆ ಮನೆಗೆ ಬಂದವನೇ, “ಭಾನುವಾರ ಅಂಗಡಿ ಬಂದ್. ಹೊಳಿಗೆ ಹೋಗಣ. ನಾವು ಮೂರೇ ಮಂದಿ. ನಿನಗೆ ನಾನೇ ಈಜು ಕಲಿಸ್ತೀನಿ, ರಾತ್ರಿ ಅಲ್ಲೇ ಮಲಗಣ” ಎಂದ. ಸ್ನೇಹಾ “ಹ್ಞೂಂ” ಎಂದಳು. ಕಹಿ ಔಷಧಿಗೆ ಒಪ್ಪುವವರು ಹಾಗೆ ಹ್ಞೂಂ ಎನ್ನುತ್ತಾರೆ. ಈ ಒಂದು ದಿನದಲ್ಲಿ ಎಲ್ಲ ಬೇಸಿಗೆಗಳ ಸಾಲ ತೀರಿಸಿಬಿಡುತ್ತೇನೆ ಎಂದು ಅವನು ಮನಸ್ಸಿನಲ್ಲೇ ಶಪಥ ಮಾಡಿದ.

ಡೇರೆ ಬೇಕಲ್ಲ? ಗೆಳೆಯ ಹಿದಾಯತನ ಟೆಂಟ್ ಹೌಸಿಗೆ ಹೋದರೆ ಅವನು ಕೆಂಪು ಹಳದಿ ಪಟ್ಟೆಯ, ಸುತ್ತಲೂ ಝಾಲರಿ ಇಳಿಬಿಟ್ಟ ಶಾಮಿಯಾನ ಎಳೆದು ಹಾಕಿದ.

“ಇದಲ್ಲೋ, ಸಣ್ಣದು, ಮೂರು ಮಂದಿ ಮಲಗೋದು.”

“ಇದೇ ಸಣ್ಣದು ಅಣ್ಣಾ. ಹೊಸಾ ಮಾಲು. ನಿನಗೆ ಅಂತ ಮೊದಲ ಸಲ ಬಿಚ್ಚಾಕತ್ತೀನಿ. ಒಂದು ತೂತು ತೋರಿಸು, ನನ್ನ ಹೆಸರು ಬದಲಾಯ್ಸು.” ಶಾಮಿಯಾನದ ಹಿಂದೆಯೇ ಒಂದು ದೊಡ್ಡ ಕಡಾಯಿಯನ್ನೂ ಅವನು ಕೊಟ್ಟೂರೇಶನ ಅಂಗಡಿ ವ್ಯಾನಿಗೆ ಏರಿಸಿದ. ಬೇಡವೆಂದರೆ, “ಬರೀ ಶಾಮಿಯಾನ ಕಳಿಸಿದ್ರೆ ಅಪಶಕುನ, ಇರ್ಲಿ” ಎಂದ.

ಭಾನುವಾರ ಬೆಳಿಗ್ಗೆ ಎಸ್.ಎಸ್. ಬಡಾವಣೆಯ ಮನೆಯ ಮುಂದೆ ವ್ಯಾನಿನ ತಲೆಗೆ ಶಾಮಿಯಾನದ ಗಳಗಳನ್ನು ಕಟ್ಟುತ್ತಿದ್ದಾಗ ಎದುರು ಮನೆಯ ವಾಮದೇವಪ್ಪನವರು ಸೊಂಟಕ್ಕೆ ಟವೆಲು ಸುತ್ತಿಕೊಂಡೇ ಓಡಿಬಂದರು. ಅವರು ನಿವೃತ್ತ ಡ್ರಿಲ್ ಮೇಷ್ಟ್ರು. ನಿವೃತ್ತಿಯಾದರೂ ಕೊರಳಿನ ಸೀಟಿ ಕೆಳಗಿಳಿದಿರಲಿಲ್ಲ.

“ಯಾರು ಹೋದ್ರು?” ಎಂದರು, ಮುಖ ಸಣ್ಣದು ಮಾಡಿ.

“ಯಾರೂ ಹೋಗಿಲ್ರಿ ಮೇಷ್ಟ್ರೇ. ನಾವೇ ಹೋಗಾಕತ್ತೀವಿ, ಹೊಳಿಗೆ.” ಅಷ್ಟಕ್ಕೆ ನಿಂತಿದ್ದರೆ ಸಾಕಿತ್ತು. ಬಾಯಿ ಸುಮ್ಮನಿರಬೇಕಲ್ಲ. “ನೀವೂ ಬರ್ರಿ.”

ಮೇಷ್ಟ್ರು ‘ಇನ್ನೊಮ್ಮೆ’ ಎನ್ನಬೇಕಿತ್ತು. “ಹೌದು, ಹೊಳಿಗೆ ಹೋಗೋರ ಜೊತಿ ಈಜು ಬರೋರು ಒಬ್ರು ಇರಬೇಕು” ಎಂದವರೇ ಒಳಹೋಗಿ, ಚಡ್ಡಿ ಬನಿಯನ್ನು ಚೀಲಕ್ಕೆ ತುರುಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕುಳಿತರು. ಕೊಟ್ಟೂರೇಶನ ಹೆಂಡತಿ ಅಕ್ಕನಾಗಮ್ಮ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಸರಿದಳು. “ಮೂರೇ ಮಂದಿ ಅಂದ್ರಿ” ಎಂದು ಗಂಡನ ಕಿವಿಯಲ್ಲಿ ಹೇಳಿದಳು. ಅವನು ಕನ್ನಡಿ ಸರಿಪಡಿಸಿಕೊಳ್ಳುವ ನೆಪ ಮಾಡಿದ.

ಹರಿಹರ ದಾಟಿ, ನಂದಿಗುಡಿ ಕಡೆಯ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ, ಗದ್ದೆಗಳ ನಡುವೆ ಹೊಳೆಗೆ ಇಳಿದರು. ಬೇಸಿಗೆಯ ಹೊಳೆ ಸಾಧುವಾಗಿತ್ತು. ಬಂಡೆಗಳ ನಡುವೆ ಸೊಂಟಮಟ್ಟದ ತಿಳಿನೀರು, ಪಕ್ಕದಲ್ಲಿ ಮರಳು, ಮೇಲೆ ಹೊಂಗೆ ಮರ. ಕೊಟ್ಟೂರೇಶನ ಎದೆ ತುಂಬಿತು. ಶಾಮಿಯಾನ ನಿಂತಿತು. ಒಲೆಗೆ ಕಲ್ಲು ಹೂಡಿದ ಮೇಲೆ ಕಡ್ಡಿಪೆಟ್ಟಿಗೆ ಮನೆಯಲ್ಲೇ ಉಳಿದದ್ದು ಗೊತ್ತಾಯಿತು. “ಹಳ್ಳಿ ಇಲ್ಲೇ ಐತೆ, ನಾವು ತರ್ತೀವಿ” ಎಂದು ಮೇಷ್ಟ್ರು ಸ್ನೇಹಾಳ ಕೈ ಹಿಡಿದು ಹೊರಟರು.

ಅವರು ಅತ್ತ ಹೋದ ಮೇಲೆ ಇತ್ತಲಿಂದ ಅಂಜಿನವ್ವ ಎಂಬ ಮುದುಕಿ ಹುಲ್ಲಿನ ಹೊರೆ ಹೊತ್ತು ಬಂದಳು. ಶಾಮಿಯಾನ ನೋಡಿದಳು, ಕಡಾಯಿ ನೋಡಿದಳು, ಹೊರೆಯನ್ನು ಒಂದು ಕೈಯಲ್ಲಿ ಹಿಡಿದು ನಿಂತಳು.

“ಏನಪ್ಪಾ ವಿಶೇಷ? ಯಾರ ಕಾರ್ಯ?”

ಏನು ಹೇಳುವುದು? ನಲವತ್ತು ದಾಟಿದ ವ್ಯಾಪಾರಸ್ಥ, ಊರಲ್ಲಿ ಎರಡು ಅಂತಸ್ತಿನ ಮನೆ ಇರುವವನು, ‘ಮಗಳ ಜೊತೆ ಆಟ ಆಡೋಕೆ ಬಂದೀನಿ, ರಾತ್ರಿ ಮರಳಿನ ಮೇಲೆ ಮಲಗ್ತೀನಿ’ ಎಂದು ಕೂಲಿಗೆ ಹೋಗಿ ಬರುತ್ತಿರುವ ಮುದುಕಿಗೆ ಹೇಳಲು ನಾಚಿಕೆಯಾಯಿತು. ನಾಚಿಕೆಯಾದಾಗ ಬಾಯಿ ತನಗೆ ಗೊತ್ತಿದ್ದ ದಾರಿ ಹಿಡಿಯಿತು.

“ಹಿಂಗೇ ಕಣವ್ವಾ. ಬರ್ರಿ, ಊಟ ಮಾಡ್ಕೊಂಡು ಹೋಗ್ರಿ.”

“ಹುಲ್ಲು ಇಳಿಸಿ ಬರ್ತೀನಿ ತಡಿ” ಎಂದಳು ಅಂಜಿನವ್ವ, ಧರ್ಮ ತಪ್ಪಿ.

ಒಬ್ಬ ಮುದುಕಿಗೆ ಎರಡು ರೊಟ್ಟಿ, ಹೋಗಲಿ ಎಂದುಕೊಂಡು ಅವನು ಪ್ಯಾಂಟು ಮಡಚುತ್ತಿದ್ದ. ಆಗ ಹಳ್ಳಿಯ ಗುಡಿಯ ಮೈಕು ಗೊರ ಗೊರ ಎಂದು ಗಂಟಲು ಸರಿಪಡಿಸಿಕೊಂಡಿತು. “ಗ್ರಾಮದ ಸಮಸ್ತ ಸದ್ಭಕ್ತರಲ್ಲಿ ವಿನಂತಿ. ದಾವಣಗೆರೆಯ ಪಾತ್ರೆ ವ್ಯಾಪಾರಿಗಳಾದ ಕೊಟ್ಟೂರೇಶಪ್ಪನವರು ಹೊಳೆ ದಂಡೆಯಲ್ಲಿ ದಾಸೋಹ ಏರ್ಪಡಿಸಿರುತ್ತಾರೆ...”

ಅಕ್ಕನಾಗಮ್ಮ ರೊಟ್ಟಿಯ ಗಂಟನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಎರಡರಲ್ಲಿ ಯಾವುದನ್ನು ಮೊದಲು ಹೊಳೆಗೆ ಎಸೆಯಲಿ ಎನ್ನುವಂತಿತ್ತು ಆ ನೋಟ.

ಕೊಟ್ಟೂರೇಶನಿಗೆ ಒಂದು ವಿಷಯ ಥಟ್ಟನೆ ಹೊಳೆಯಿತು. ಮುದುಕಿಗೆ ತಾನು ಹೆಸರು ಹೇಳಿರಲಿಲ್ಲ. ಪಾತ್ರೆ ಅಂಗಡಿಯ ಮಾತೂ ಎತ್ತಿರಲಿಲ್ಲ. ಹಾಗಾದರೆ ಹಳ್ಳಿಗೆ ಹೋದವರು ಯಾರು? ಕಡ್ಡಿಪೆಟ್ಟಿಗೆ ಹಿಡಿದು ವಾಪಸು ಬಂದ ಮೇಷ್ಟ್ರ ಮೇಲೆ ಅವನು ಹಾರಿಬಿದ್ದ.

“ನಿಮ್ಮ ಬಾಯಿಗೆ ಬೀಗ ಇಲ್ಲೇನ್ರಿ? ರಿಟೈರ್ ಆದ್ರೂ ಊರು ಕೂಡಿಸೋ ಚಟ ಹೋಗ್ಲಿಲ್ಲ ನಿಮಗೆ! ಇವತ್ತೊಂದು ದಿನ ನನ್ನ ಮಗಳ ಜೊತಿ ಇರಣ ಅಂತ ಬಂದಿದ್ದೆ. ನಿಮ್ಮನ್ನ ಯಾರು ಕರೆದ್ರು ಅಂತ ಬಂದ್ರಿ?”

ಕರೆದವನು ತಾನೇ ಎಂಬುದು ಮಾತು ಮುಗಿದ ಮೇಲೆ ನೆನಪಾಯಿತು. ಮೇಷ್ಟ್ರು ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತ, ಪಕ್ಕದಲ್ಲಿ ನಿಂತಿದ್ದ ಸ್ನೇಹಾಳ ಕಡೆ ಒಮ್ಮೆ ನೋಡಿ, “ತಪ್ಪಾತು ಕೊಟ್ಟೂರೇಶ್” ಎಂದರು. ಆಯುಷ್ಯದಲ್ಲಿ ಒಂದು ಸಲವೂ ತಪ್ಪು ಒಪ್ಪಿದ ಮನುಷ್ಯರಲ್ಲ ಅವರು. ಕೊಟ್ಟೂರೇಶ ಆಗಲೇ ಅನುಮಾನ ಪಡಬೇಕಿತ್ತು; ಸಿಟ್ಟಿನಲ್ಲಿ ಅದೆಲ್ಲ ಎಲ್ಲಿ ತಿಳಿಯುತ್ತದೆ?

ಹಳ್ಳಿ ಇಳಿದು ಬಂತು. ಬರಿಗೈಲಿ ಬರಲಿಲ್ಲ, ಅದೇ ಕಷ್ಟ. ದಾಸೋಹವೆಂದರೆ ತಮ್ಮದೂ ಒಂದು ಸೇವೆ ಎಂದು ಒಬ್ಬರು ಅಕ್ಕಿ, ಒಬ್ಬರು ಬೇಳೆ, ಒಬ್ಬರು ಬೆಲ್ಲ, ಇನ್ನೊಬ್ಬರು ಒಂದು ಗಾಡಿ ಸೌದೆಯನ್ನೇ ತಂದರು. ಹೆಂಗಸರು ಕುಳಿತು ತರಕಾರಿ ಹೆಚ್ಚಿದರು. ಹಿದಾಯತನ ಕಡಾಯಿ ಒಲೆಯೇರಿತು. ಇಷ್ಟು ಭಕ್ತಿಯ ಎದುರು ‘ಇದು ದಾಸೋಹ ಅಲ್ಲ, ಆಟ’ ಎಂದು ಹೇಳುವ ಗಂಡಸು ಆ ತಾಲ್ಲೂಕಿನಲ್ಲಿ ಹುಟ್ಟಿರಲಿಕ್ಕಿಲ್ಲ. ಬೇಯುವುದು ಬೇಯಲಿ, ಅವರೇ ಬಡಿಸಿಕೊಂಡು ಉಣ್ಣಲಿ, ನಾನು ಮೆಲ್ಲಗೆ ನೀರಿಗಿಳಿಯುತ್ತೇನೆ ಎಂದು ಅವನು ಜಾರುವಷ್ಟರಲ್ಲಿ ಊರ ಹಿರಿಯ ಲಿಂಗಣ್ಣ ಬಂದು ಕೈಗೆ ಸೌಟು ಕೊಟ್ಟ.

“ಎಲ್ಲಿ ಹೊಂಟ್ರಿ ಸಾಹುಕಾರ್ರೇ? ಮಾಡಿಸಿದೋರ ಕೈಲೇ ಬಡಿಸಬೇಕು. ಕಡೇ ಪಂಕ್ತಿ ಏಳೋತನ ನೀವು ಕದಲಂಗಿಲ್ಲ.”

ಕೊಟ್ಟೂರೇಶ ಬಡಿಸಿದ. ಎಲೆಯಿಂದ ಎಲೆಗೆ ಬಗ್ಗುತ್ತ, ಪ್ರತಿ ಸಲ ತಲೆಯೆತ್ತಿದಾಗಲೂ ಝಾಲರಿಯ ಸಂದಿಯಲ್ಲಿ ಹೊಳೆ ಕಾಣುತ್ತಿತ್ತು. ಒಮ್ಮೆ ನೋಡಿದಾಗ ಮೇಷ್ಟ್ರು ಸ್ನೇಹಾಳ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ನೀರಿನ ಮೇಲೆ ತೇಲಿಸುತ್ತಿದ್ದರು. ಇನ್ನೊಮ್ಮೆ ನೋಡಿದಾಗ ಅಂಗೈ ಇರಲಿಲ್ಲ. ಹುಡುಗಿ ತಾನೇ ಕೈಕಾಲು ಬಡಿಯುತ್ತಿದ್ದಳು. ಹಳ್ಳಿಯ ಮಕ್ಕಳೆಲ್ಲ ಸಾಲಾಗಿ ನಿಂತು ಚಪ್ಪಟೆ ಕಲ್ಲುಗಳನ್ನು ನೀರಿನ ಮೇಲೆ ಜಿಗಿಸಿದರು. ಆಮೇಲೆ ಮರಳಿನಲ್ಲಿ ಖೋ ಖೋ, ಆಮೇಲೆ ಹಗ್ಗ ಜಗ್ಗುವ ಆಟ. ನಡುನಡುವೆ ಸೀಟಿ. ಮಗಳು ಅಷ್ಟು ಜೋರಾಗಿ ನಗುವುದನ್ನು ಅವನು ಎಂದೂ ಕೇಳಿರಲಿಲ್ಲ, ಅಥವಾ ಅವಳು ನಗುವ ಹೊತ್ತಿಗೆ ತಾನು ಮನೆಯಲ್ಲಿರಲಿಲ್ಲವೋ ಏನೋ.

“ಸಾರು, ಸಾಹುಕಾರ್ರೇ! ಎಲಿ ಹೊರಗ ಹಾಕಾಕತ್ತೀರಿ!” ಎಂದಳು ಅಂಜಿನವ್ವ. ಅವಳು ಎರಡನೆಯ ಪಂಕ್ತಿಗೂ ಕುಳಿತಿದ್ದಳು.

ಒಮ್ಮೆ ಸ್ನೇಹಾ ತೊಟ್ಟಿಕ್ಕುವ ಜಡೆಯೊಂದಿಗೆ ಓಡಿಬಂದಳು. “ಅಪ್ಪಾಜಿ, ಬಾ, ನಾನು ಮುಳುಗಲ್ಲ ಈಗ! ನೋಡು ಬಾ!”

“ಬಂದೆ ಮಗಳೇ. ಈ ಪಂಕ್ತಿಯೊಂದು ಮುಗೀಲಿ.”

ಹೇಳಿದ ಮೇಲೆ ಆ ಮಾತು ತನಗೇ ಗುರುತು ಹತ್ತಿತು. ಸ್ನೇಹಾ “ಹ್ಞೂಂ” ಎಂದು ತಿರುಗಿ ಓಡಿದ್ದಳು. ಸೌಟು ಬಿಸಾಡಿ ಹಿಂದೆಯೇ ಓಡಬೇಕೆನ್ನಿಸಿತು. ಎದುರಿಗೆ ಕುಳಿತಿದ್ದ ಮುದುಕನೊಬ್ಬ ಎಲೆಯ ಮುಂದೆ ಕೈ ಮುಗಿದು ಕಾಯುತ್ತಿದ್ದ. ಕೊಟ್ಟೂರೇಶ ಅನ್ನ ಬಡಿಸಲು ಬಗ್ಗಿದ.

ಕಡೆಯ ಪಂಕ್ತಿ ಎದ್ದಾಗ ಹೊತ್ತು ಆಚೆ ದಂಡೆಗೆ ಇಳಿದಿತ್ತು. ಕೊಟ್ಟೂರೇಶ ಸಾರು ಹತ್ತಿದ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ನೀರಿಗೆ ಓಡಿದ. ಪಾದ ಮುಳುಗಿದ್ದೇ ತಡ, ಮೇಷ್ಟ್ರ ಉದ್ದನೆಯ ಸೀಟಿ ಕೇಳಿಸಿತು. ಆಟ ಮುಗಿದಿತ್ತು. ಮಕ್ಕಳೆಲ್ಲ ಅವನ ಎರಡೂ ಪಕ್ಕದಿಂದ ದಾಟಿಕೊಂಡು ದಡಕ್ಕೆ ಹೋದರು. ಅವನು ಕಣಕಾಲು ನೀರಿನಲ್ಲಿ ಒಬ್ಬನೇ ನಿಂತ.

ಸ್ನೇಹಾ ಹೊಸ ತಟ್ಟೆ ಹಿಡಿದು ಬಂದಳು, ಅಡ್ಡಗೆರೆಯ ಹೆಸರಿದ್ದ ತಟ್ಟೆ. ಅದರಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ. “ನೀನು ಉಂಡಿಲ್ಲ. ಎಲ್ಲಾ ಖಾಲಿ ಆಗ್ತೈತೆ ಅಂತ ಮೊದ್ಲೇ ತೆಗೆದಿಟ್ಟಿದ್ದೆ.”

ಇಬ್ಬರೂ ಬಂಡೆಯ ಮೇಲೆ ಕುಳಿತರು. ಕೊಟ್ಟೂರೇಶ ರೊಟ್ಟಿ ಮುರಿದ. “ಎಲ್ಲಾ ಆ ಮೇಷ್ಟ್ರಿಂದ ಆತು ಮಗಳೇ. ಇಲ್ಲದಿದ್ರೆ...”

“ಮೇಷ್ಟ್ರಜ್ಜಗೆ ಬೈಬ್ಯಾಡ ಅಪ್ಪಾಜಿ. ಮಂದಿನ ಕರೆದಿದ್ದು ನಾನು.”

“ನೀನಾ?”

“ಗುಡಿ ಹತ್ರ ಹುಡುಗ್ರು ಆಡ್ತಿದ್ರು. ನಮ್ಮ ಜೊತಿ ಆಡಾಕೆ ಬರ್ರಿ ಅಂದೆ. ಊಟಕ್ಕೆ ಮನಿಗೆ ಹೋಗಬೇಕು ಅಂದ್ರು. ಪಾತ್ರೆ ಅಂಗಡಿ ಕೊಟ್ಟೂರೇಶಪ್ಪ ನಮ್ಮಪ್ಪಾಜಿ, ಯಾರು ಬಂದ್ರೂ ಊಟ ಹಾಕ್ತಾರೆ ಅಂದೆ. ಅಲ್ಲಿದ್ದ ಲಿಂಗಣ್ಣಜ್ಜ, ಹಂಗಾದ್ರೆ ದಾಸೋಹ ಏನವ್ವಾ ಅಂದ್ರು. ಹ್ಞೂಂ ಅಂದೆ.”

“ಮೂರೇ ಮಂದಿ ಅಂತ ಹೇಳಿದ್ದೆನಲ್ಲವ್ವಾ. ಯಾಕ ಕರೆದಿ?”

ಸ್ನೇಹಾ ಒಂದು ಚಪ್ಪಟೆ ಕಲ್ಲನ್ನು ಹುಡುಕಿ ಎತ್ತಿಕೊಂಡಳು. ದನಿಯಲ್ಲಿ ದೂರೇನೂ ಇರಲಿಲ್ಲ. “ಮೂರೇ ಮಂದಿ ಅಂದ್ರೆ, ನೀನು ಹೆಂಗಿದ್ರೂ ಏನಾದ್ರೂ ಕೆಲಸ ಹಚ್ಕೊಂಡು ಕೂಡ್ತೀಯ. ಆಮೇಲೆ ನಾನು ಯಾರ ಜೊತಿ ಆಡ್ಲಿ? ಅದಕ್ಕೆ ಮೊದ್ಲೇ ಮಂದಿ ಕರೆದಿಟ್ಟೆ.”

ಇವತ್ತು ನನಗೆ ಯಾವ ಕೆಲಸವೂ ಇರಲಿಲ್ಲ ಮಗಳೇ, ನೀನು ಕರೆದ ಮಂದಿಯೇ ಕೆಲಸವಾಯಿತು ಎಂದು ಹೇಳಬೇಕೆಂದುಕೊಂಡ. ಕಳೆದ ಬೇಸಿಗೆಗಳೆಲ್ಲ ಬಂದು ಬಾಯಿ ಕಟ್ಟಿದವು. ಅವಳ ಲೆಕ್ಕ ಎಲ್ಲಿ ತಪ್ಪಿತ್ತು? ದಡದಲ್ಲಿ ಮೇಷ್ಟ್ರು ಬನಿಯನು ಹಿಂಡುತ್ತ ಇತ್ತ ನೋಡದಂತೆ ನಟಿಸುತ್ತಿದ್ದರು. ಆ ಮುಖವನ್ನು ಇನ್ನು ಹೇಗೆ ನೋಡುವುದೋ ತಿಳಿಯಲಿಲ್ಲ. ಹೋಗಲಿ, ರಾತ್ರಿ ಇದೆಯಲ್ಲ. ನಕ್ಷತ್ರ ಇವೆಯಲ್ಲ ಎಂದು ಅವನು ಮಗಳ ಒದ್ದೆ ತಲೆಯ ಮೇಲೆ ಕೈಯಿಟ್ಟ.

ಅಷ್ಟರಲ್ಲಿ ಲಿಂಗಣ್ಣ ಹಾರ ಹಿಡಿದು, ನಾಲ್ಕು ಮಂದಿ ಹಿರಿಯರೊಂದಿಗೆ ಬಂದ. “ಸಾಹುಕಾರ್ರು ಮರಳಾಗ ಮಲಗಿದ್ರೆ ಊರ ಮರ್ಯಾದಿ ಹೋಗ್ತೈತೆ. ತಾಯಿ ಮಗಳು ನಮ್ಮನಿ ಮಾಳಿಗಿ ಮ್ಯಾಲೆ ಮಲಗ್ಲಿ, ನಮ್ಮ ಹುಡುಗ್ರು ಇದಾರೆ. ನಿಮ್ಮ ಶಾಮಿಯಾನದಾಗ ಇವತ್ತು ಭಜನಿ, ನೀವೇ ಅಧ್ಯಕ್ಷರು. ಇನ್ನೊಂದು ಮಾತು. ಹಿಡಿದ ದಾಸೋಹ ಬಿಡಂಗಿಲ್ಲ. ಬರೋ ವರ್ಷನೂ ಇದೇ ಭಾನುವಾರ, ಇದೇ ಜಾಗ. ಏನಂತೀರಿ?”

ಬರುವ ವರ್ಷ ಮಗಳು ಹಾಸ್ಟೆಲಿನಿಂದ ರಜೆಗೆ ಬರುವುದೂ ಇದೇ ಮೇ ತಿಂಗಳಲ್ಲಿ. ಆಗುವುದಿಲ್ಲ ಎನ್ನಬೇಕು, ಕೈಮುಗಿದು, ಬೇಕಾದರೆ ಕಾಲು ಹಿಡಿದು, ಆಗುವುದೇ ಇಲ್ಲ ಎನ್ನಬೇಕು. ಕೊಟ್ಟೂರೇಶ ಜೀವಮಾನದ ಧೈರ್ಯವನ್ನೆಲ್ಲ ಒಟ್ಟು ಮಾಡಿ ಬಾಯಿ ತೆರೆದ.

“ಆಗ್ಲಿ ಬಿಡ್ರಿ” ಎಂದಿತು ಬಾಯಿ. “ಎಲ್ರೂ ಬರ್ರಿ, ಊಟ ಮಾಡ್ಕೊಂಡು ಹೋಗ್ರಿ.”

ಕತ್ತಲಾಗುತ್ತಿದ್ದಂತೆ ಮಾಳಿಗೆಯ ಮೇಲಿಂದ ಮಕ್ಕಳು ನಕ್ಷತ್ರ ಎಣಿಸುವ ಗದ್ದಲ ಕೇಳಿಸತೊಡಗಿತು. ಸ್ನೇಹಾಳ ದನಿ ಎಲ್ಲಕ್ಕಿಂತ ಮುಂದಿತ್ತು. ಕೊಟ್ಟೂರೇಶ ಹಾರ ಹಾಕಿಕೊಂಡು, ಭಜನೆಯ ತಾಳದ ನಡುವೆ, ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ತಲೆಯೆತ್ತಿ ನೋಡಿದ. ಕೆಂಪು ಹಳದಿ ಪಟ್ಟೆ ಕಾಣಿಸಿತು. ಎಲ್ಲಾದರೂ ಒಂದು ತೂತಿದ್ದರೆ ಒಂದು ನಕ್ಷತ್ರವಾದರೂ ಕಾಣುತ್ತಿತ್ತು. ಹಿದಾಯತ್ ಗೆಳೆತನಕ್ಕೆಂದು ಹೊಸ ಮಾಲನ್ನೇ ಕೊಟ್ಟಿದ್ದ.