ಕುಬೇರಪ್ಪನ ಸೋರುವ ಮೋಟಾರು

ಟಪ್.

ಸವಣೂರಿನ ಕುಬೇರಪ್ಪ ಸರಿರಾತ್ರಿಯಲ್ಲಿ ಕಣ್ಣು ತೆರೆದ. ಊರೆಲ್ಲ ಮಲಗಿತ್ತು. ಎಲೆಬಳ್ಳಿಯ ತೋಟಗಳ ಕಡೆಯಿಂದ ಹಸಿ ಗಾಳಿ ಬರುತ್ತಿತ್ತು. ಈಗಷ್ಟೇ ಅವನು ಆ ಗಾಳಿಯಲ್ಲಿ ಮೋಟಾರು ಓಡಿಸುತ್ತಿದ್ದ. ಗಾಲಿಗಳು ನೆಲ ಮುಟ್ಟುತ್ತಿರಲಿಲ್ಲ. ಯಲವಿಗಿ ಸ್ಟೇಶನ್ನು ತಾನೇ ತೇಲಿಕೊಂಡು ಎದುರಿಗೆ ಬರುತ್ತಿತ್ತು.

ಟಪ್. ಕನಸು ಸೋರಿಹೋಯಿತು.

ಸದ್ದು ಕೊಟ್ಟಿಗೆಯದು. ಮೊನ್ನೆ ಮೊನ್ನೆಯವರೆಗೆ ಅಲ್ಲಿ ಎತ್ತಿನ ಗಾಡಿ ನಿಲ್ಲುತ್ತಿತ್ತು. ಗಾಡಿಯನ್ನೂ ಎತ್ತುಗಳನ್ನೂ ಪಕ್ಕದ ಮನೆಯ ಗೋಣೆಪ್ಪನಿಗೆ ಮಾರಿ, ಕುಬೇರಪ್ಪ ಹುಬ್ಬಳ್ಳಿಯಿಂದ ಹಳೆಯದೊಂದು ಮೋಟಾರು ತಂದಿದ್ದ. ಗಾಡಿ ಮಾರಿದರೂ ಅದರ ಸರಂಜಾಮು ಮನೆ ಬಿಟ್ಟು ಹೋಗಬಾರದೆಂಬುದು ಅವನ ತಂದೆಯ ಕಾಲದ ಕಟ್ಟಳೆ. ಹಾಗಾಗಿ ಹಗ್ಗ, ಬಾರುಕೋಲು, ಗಡಿಗೆ ಎಲ್ಲವೂ ತೊಲೆಗೆ ಜೋತುಬಿದ್ದು, ಹೊಸದಾಗಿ ಬಂದ ಸೊಸೆಯನ್ನು ನೋಡುವ ಮುದುಕಿಯರಂತೆ ಮೋಟಾರನ್ನು ನೋಡುತ್ತಿದ್ದವು.

ಕುಬೇರಪ್ಪ ಕಂದೀಲು ಹಿಡಿದು ಬಗ್ಗಿದ. ಎಂಜಿನ್ನಿನ ಹಿಂಬದಿಯಿಂದ ಕಪ್ಪು ಎಣ್ಣೆ ಹನಿಹನಿಯಾಗಿ ಇಳಿಯುತ್ತಿತ್ತು.

“ಏನ್ರಿ ಅದು?” ಬಾಗಿಲಲ್ಲಿ ಹೆಂಡತಿ ಸುಶೀಲವ್ವ. ನಿದ್ದೆಯಲ್ಲೂ ಒಂದು ಕಿವಿಯನ್ನು ಕಾವಲಿಗೆ ಇಟ್ಟು ಮಲಗುವ ಹೆಂಗಸು.

“ಏನಿಲ್ಲ. ಒಂದೀಟ ಬೆವರಾಕತ್ತೈತಿ.”

“ಬೆವರಲಿ. ನಾಳೆ ನಮ್ಮಣ್ಣ ರೈಲ್ ಇಳೀತಾನ. ಇದು ಯಲವಿಗಿ ಮುಟ್ಟಲಿಲ್ಲಂದ್ರ ನನ್ನ ಎತ್ತು ತಿರುಗಿ ಈ ಕೊಟ್ಟಿಗಿಗೆ ಬರಬೇಕು. ಮಾತು ಕೊಟ್ಟೀರಿ.”

ಎತ್ತು ಹೋದ ದಿನ ಅವಳು ಅತ್ತಿದ್ದಳು. ಆ ಹೊತ್ತಿನಲ್ಲಿ ಅವನ ಬಾಯಿಂದ ಜಾರಿದ ಮಾತು ಅದು.

ಬೆಳಗಾಗುತ್ತಲೇ ಶೇಖಸಾಬ ಬಂದ. ಹಾನಗಲ್ಲಿನ ಸರ್ವಿಸ್ ಮೋಟಾರು ಓಡಿಸುವವ, ಅವತ್ತು ಅವನಿಗೆ ರಜೆ. ಮೋಟಾರಿನ ಕೆಳಗೆ ಅಂಗಾತ ಮಲಗಿ, ಬೆರಳಿಗೆ ಎಣ್ಣೆ ಹಚ್ಚಿಕೊಂಡು ನೋಡಿದ.

“ಎಣ್ಣಿ ತಡಿಯೋ ಹಿಂದಿನ ಪ್ಯಾಕಿಂಗ್ ಹೋಗೇತ್ರಿ ಸಾವಕಾರ್ರ. ಬಿಚ್ಚಬೇಕಾಗ್ತೈತಿ.”

ಆಚೆ ಮನೆಯ ಮುದುಕಿ ಫಕ್ಕೀರವ್ವ ಬಂದು ಮೂಗು ಏರಿಸಿದಳು. “ಔಡಲೆಣ್ಣಿ ವಾಸನಿ ಬರಾಕತ್ತೈತಲ್ಲೋ ತಮ್ಮಾ.”

“ಆಯಿ, ಇದು ವಿಲಾಯತಿ ಆಯಿಲ್. ಕೂಸಿಗೆ ಕುಡಿಸೋದಲ್ಲ,” ಎಂದ ಶೇಖಸಾಬ.

“ವಿಲಾಯತಿ ಮಂದಿಗೂ ಹೊಟ್ಟಿ ಕಟ್ಟತಿರಬೇಕ, ಪಾಪ,” ಎಂದು ಮುದುಕಿ ಕಟ್ಟೆಯ ಮೇಲೆ ಗಟ್ಟಿಯಾಗಿ ಕುಳಿತಳು.

ಬಿಸಿಲು ಅಂಗಳಕ್ಕೆ ಇಳಿಯುವಷ್ಟರಲ್ಲಿ ಎಂಜಿನ್ನಿನ ಕರುಳೆಲ್ಲ ಗೋಣಿತಟ್ಟಿನ ಮೇಲೆ ಸಂತೆಯ ಕಾಯಿಪಲ್ಲೆಯಂತೆ ಹರಡಿತ್ತು. ಚೆನ್ನಾಗಿಯೇ ಇದ್ದ ಪ್ಯಾಕಿಂಗು ಬಿಚ್ಚುವಾಗ ಹರಿಯಿತು. “ನೋಡ್ರಿ, ಹರದದ್ದು ಸಿಕ್ತು!” ಎಂದು ಶೇಖಸಾಬ ಹಿಗ್ಗಿದ. ಹೊಸದು ಬೇಕೆಂದರೆ ಹುಬ್ಬಳ್ಳಿಗೇ ಹೋಗಬೇಕು.

ಗೋಣೆಪ್ಪ ಬೇಲಿಯಾಚೆಯಿಂದ ಕತ್ತು ಚಾಚಿದ. “ನೀರಿನ ಹರವಿ ಸೋರಿದ್ರ ಏನ್ ಮಾಡ್ತೀವೋ ಕುಬೇರಾ? ಉದ್ದಿನ ಹಿಟ್ಟಿಗೆ ಸುಣ್ಣ ಕಲಸಿ ಮೆತ್ತತೇವಿ. ಅದನ್ನ ಮೆತ್ತು.”

ಸುಶೀಲವ್ವ ಹಿಟ್ಟಿನ ಪಾತ್ರೆ ತಂದು ಕುಕ್ಕಿದಳು. “ಅಣ್ಣಗ ವಡಿ ಮಾಡಾಕ ಬೀಸಿದ್ದು. ಅರ್ಧ ತಗೊಳ್ರಿ. ಮೋಟಾರೂ ಬೀಗರಂಗ ಉಣ್ಣಲಿ.”

ಮೆತ್ತಿದರು. ಒಣಗಲೆಂದು ಫಕ್ಕೀರವ್ವ ಮೊರದಿಂದ ಗಾಳಿ ಹಾಕಿದಳು. ಎಲ್ಲ ಜೋಡಿಸಿದ ಮೇಲೆ ಒಂದು ಬೋಲ್ಟು ಉಳಿಯಿತು. ಶೇಖಸಾಬ ಅದನ್ನು ತಿರುವಿ ನೋಡಿ, “ಹೆಚ್ಚಿಂದಿರಬೇಕ್ರಿ,” ಎಂದು ಜೇಬಿಗೆ ಹಾಕಿಕೊಂಡ.

ಮೋಟಾರು ಗುಡುಗಿ ಹೊರಟಿತು. ಕುಬೇರಪ್ಪ ಒಬ್ಬನೇ. ಊರು ದಾಟಿದ್ದೇ ತಡ, ರಾತ್ರಿಯ ಕನಸು ಮತ್ತೆ ಅವನ ಪಕ್ಕದಲ್ಲಿ ಬಂದು ಕುಳಿತಂತಾಯಿತು. ಎರಡೂ ಕಡೆ ಹತ್ತಿಯ ಹೊಲಗಳು ಬೆಳ್ಳಗೆ ಒಡೆದು, ಮೋಡಗಳ ನಡುವೆಯೇ ದಾರಿ ಹೋದಂತಿತ್ತು. ಹೊಲದ ಹೆಂಗಸರು ಎದ್ದು ನಿಂತು ನೋಡಿದರು. ಗಾಲಿಗಳು ನೆಲ ಮುಟ್ಟುತ್ತಿವೆಯೋ ಇಲ್ಲವೋ ಎಂದು ಅವನಿಗೇ ಅನುಮಾನವಾಯಿತು.

ಆಗ ಒಂದು ವಾಸನೆ ಬಂತು. ಘಮಘಮಿಸುವ, ಬಾಯಲ್ಲಿ ನೀರೂರಿಸುವ ವಾಸನೆ. ಚಿಕ್ಕಂದಿನಲ್ಲಿ ಅವ್ವ ಒಲೆಯ ಮುಂದೆ ಕುಳಿತು ಕರಿಯುತ್ತಿದ್ದ ವಡೆ ನೆನಪಾಗಿ ಅವನ ಕಣ್ಣುಗಳು ಅರ್ಧ ಮುಚ್ಚಿದವು. ವಡೆ ಕರಿಯುತ್ತಿದ್ದದ್ದು ಎಂಜಿನ್ನು. ಉದ್ದಿನ ಹಿಟ್ಟು ಕೆಂಪಗೆ ಬೆಂದು, ಉಬ್ಬಿ, ಕಳಚಿ ಬಿತ್ತು. ಅದರ ಹಿಂದೆ ಇದ್ದಬದ್ದ ಎಣ್ಣೆಯೆಲ್ಲ ದಾರಿಗೆ ಸುರಿಯಿತು. ಮೋಟಾರು ಕೆರೆಗಿಳಿದ ಎಮ್ಮೆಯಂತೆ ಉಸಿರು ಬಿಟ್ಟು ನಿಂತಿತು.

ಹಿಂದಿನಿಂದ ಗೆಜ್ಜೆಯ ಸದ್ದು. ಗೋಣೆಪ್ಪ ಗಾಡಿ ಹೊಡೆದುಕೊಂಡು ಬರುತ್ತಿದ್ದ.

“ನೀ ಯಾಕ ಬಂದಿ?”

“ಸುಶೀಲವ್ವ ತಂಗಿ ಕಳಿಸ್ಯಾಳೋ. ಸಾವಕಾಶ ಹಿಂದ ಹೋಗ ಅಂದ್ಲು.”

ಮೋಟಾರನ್ನು ಗಾಡಿಯ ಹಿಂದೆ ಕಟ್ಟಿದರು. ಎತ್ತುಗಳು ಹಳೆಯ ಯಜಮಾನನ ಕೈ ಮೂಸಿ, ಎಳೆದುಕೊಂಡು ನಡೆದವು. ಸ್ಟೇಶನ್ನಿನ ಮುಂದೆ ಸುಶೀಲವ್ವನ ಅಣ್ಣ ದ್ಯಾಮಪ್ಪ ಗಂಟು ಹಿಡಿದು ನಿಂತಿದ್ದ. ಗಾಡಿ ಹತ್ತು ಎಂದರೆ ಕೇಳದೆ ಮೋಟಾರಿನಲ್ಲೇ ಕಾಲು ಚಾಚಿ ಕುಳಿತ.

“ಕುಬೇರಪ್ಪನವರ, ಮೋಟಾರ್ ಮಸ್ತ ಐತಿ. ಸಪ್ಪಳಿಲ್ಲ, ಹೊಗಿ ಇಲ್ಲ. ದಿನಾ ಎಷ್ಟ ಸೂಡು ಮೇವು ಹಾಕ್ತೀರಿ?”

ಮನೆಯ ಮುಂದೆ ಕುಬೇರಪ್ಪ ಒಂದು ವಾದ ಹೂಡಿ ನೋಡಿದ. “ಏನರ ಅನ್ನು, ಮೋಟಾರ್ ಯಲವಿಗಿ ಮುಟ್ಟೇತಿ.”

“ಮುಟ್ಟೇತಿ, ಖರೇ,” ಎಂದಳು ಸುಶೀಲವ್ವ, ಎತ್ತಿನ ಹಣೆ ಸವರುತ್ತ. “ಮುಟ್ಟಿಸಿದವರು ಯಾರು?”

ದ್ಯಾಮಪ್ಪನ ಎದುರಿಗೇ ಅದಲುಬದಲು ತೀರ್ಮಾನವಾಯಿತು. ಮೋಟಾರು ಗೋಣೆಪ್ಪನ ಹಿತ್ತಲಿಗೆ ಹೋಯಿತು. “ಹೊಟ್ಟು ತುಂಬಾಕ ಜಾಗಾ ಇರಲಿಲ್ಲ,” ಎಂದು ಅವನು ಖುಷಿಪಟ್ಟ. ಎತ್ತು, ಗಾಡಿ ನಾಳೆ ಬೆಳಿಗ್ಗೆ ಬರುವವು.

ದೀಪ ಹಚ್ಚುವ ಹೊತ್ತಿಗೆ ಕುಬೇರಪ್ಪ ಖಾಲಿ ಕೊಟ್ಟಿಗೆಗೆ ಬಂದು ನಿಂತ. ಕೊನೆಯ ಬೆಳಕು ಹಂಚಿನ ಸಂದಿಯಿಂದ ಇಳಿದು ಧೂಳಿನೊಡನೆ ಆಡುತ್ತಿತ್ತು. ಅಲ್ಲಿ ಮೋಟಾರು ಇನ್ನೂ ನಿಂತಿರುವಂತೆ ಅವನ ಕಣ್ಣಿಗೆ ಕಂಡಿತು.

ಟಪ್.

ಕಲ್ಲಿನ ನೆಲದ ಮೇಲೆ ಕಪ್ಪು ಹನಿ. ಅವನು ನಿಧಾನವಾಗಿ ಕತ್ತೆತ್ತಿದ. ಎಂಜಿನ್ನಿನ ಬೆನ್ನು ಇದ್ದ ಜಾಗದ ನೇರ ಮೇಲೆ, ಅಪ್ಪನ ಕಾಲದ ಕೀಲೆಣ್ಣೆಯ ಗಡಿಗೆ. ಗಾಡಿಯ ಅಚ್ಚಿಗೆ ಹಚ್ಚಲು ಔಡಲೆಣ್ಣೆಗೆ ಮಸಿ ಕಲಸಿ ಇಟ್ಟದ್ದು. ತಳದಲ್ಲಿ ಕೂದಲೆಳೆಯಷ್ಟು ಬಿರುಕು. ಹನಿ ಎಂಜಿನ್ನಿನ ಮುಚ್ಚಳದ ಸಂದಿಯಲ್ಲಿ ಇಳಿದು, ಬೆನ್ನಿನಗುಂಟ ಹರಿದು ನೆಲಕ್ಕೆ ಬೀಳುತ್ತಿತ್ತು.

ಬಿಚ್ಚುವವರೆಗೆ ಮೋಟಾರು ಸೋರಿಯೇ ಇರಲಿಲ್ಲ.

“ವಡಿ ಆರಾಕತ್ತಾವು, ಬರ್ರಿ! ಕತ್ತಲದಾಗ ಅಲ್ಲೇನ್ ಮಾಡಾಕತ್ತೀರಿ?” ಒಳಗಿನಿಂದ ಸುಶೀಲವ್ವ. ಹಿಂದೆಯೇ ದ್ಯಾಮಪ್ಪನ ನಗು, ಜಗುಲಿಯಲ್ಲಿ ಫಕ್ಕೀರವ್ವನ ಕೆಮ್ಮು.

ಕುಬೇರಪ್ಪ ಬಾಯಿ ತೆರೆದ. ಹೇಳಿದರೆ ಮೋಟಾರು ತಿರುಗಿ ಬರುವುದಿಲ್ಲ, ಈ ನಗು ಮಾತ್ರ ಅವನ ಮೊಮ್ಮಕ್ಕಳ ಕಾಲದವರೆಗೂ ಇದೇ ಜಗುಲಿಯಲ್ಲಿ ಕುಳಿತಿರುತ್ತದೆ.

ಮೂಲೆಯಲ್ಲಿದ್ದ ತಂಬಿಗೆಯನ್ನು ತಂದು, ಹನಿ ಸರಿಯಾಗಿ ಬೀಳುವಂತೆ ಗಡಿಗೆಯ ಕೆಳಗೆ ಇಟ್ಟ. ನಾಳೆಯಿಂದ ಗಾಡಿಗೆ ಕೀಲೆಣ್ಣೆ ಬೇಕು.

“ಏನಿಲ್ಲ, ಬಂದೆ,” ಎಂದ.