ಅನ್ನ ಬರುವ ತನಕ

ಬಾಯಿಬಿಟ್ಟು ಕೇಳುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಬಸ್ಸಿನಲ್ಲಿ ನಮ್ಮ ಸ್ಟಾಪು ಬಂದರೂ ‘ಹೋಲ್ಡಾನ್’ ಎನ್ನಲು ನಾಚಿ, ಬೇರೆ ಯಾರಾದರೂ ಇಳಿಯುವಲ್ಲಿ ಇಳಿದು, ಹಿಂದಕ್ಕೆ ನಡೆದು ಬಂದವಳು ನಾನು. ನಿಮ್ಮ ಅಜ್ಜ ಇರುವಷ್ಟು ಕಾಲ ನನ್ನ ಪಾಲಿನದ್ದನ್ನೂ ಅವರೇ ಕೇಳುತ್ತಿದ್ದರು. ಮದುವೆ ಊಟದಲ್ಲಿ ಗಂಡಸರ ಪಂಕ್ತಿಯಿಂದಲೇ, “ಹೋಯ್, ಅಲ್ಲಿ ನಮ್ಮವಳಿಗೆ ಅನ್ನ ಬರ್ಲಿಲ್ಲ” ಎಂದು ಕೂಗಿ ನನ್ನ ಮಾನ ತೆಗೆಯುತ್ತಿದ್ದರು. ಅನ್ನವಂತೂ ಬರುತ್ತಿತ್ತು. ಅವರು ಹೋದ ಮೇಲೆ ಬಡಿಸುವವರ ಕಣ್ಣಿಗೆ ನಾನು ಬೀಳುವುದೇ ಕಡಿಮೆಯಾಯಿತು.

ಕುವೈತಿಗೆ, ಅಹ್ಮದಿಯ ನಿಮ್ಮ ಮನೆಗೆ ಬಂದ ಮೇಲೂ ಅದೇ ಕಥೆ. ನನ್ನ ವಿಸಿಟ್ ವೀಸಾ ಮುಗಿಯುತ್ತಾ ಬಂದಿತ್ತು. “ಇಕಾಮಾ ಮಾಡಿಸುವ, ಅತ್ತೆ, ಇಲ್ಲೇ ಇರಿ” ಎಂದು ನಿಮ್ಮ ಅಪ್ಪ ಒಮ್ಮೆ ಹೇಳಿದ್ದರು. ಆಮೇಲೆ ಆ ವಾಸದ ಪರವಾನಗಿಯ ಮಾತೇ ಇಲ್ಲ. ಊರಲ್ಲಿ ನಾನಿದ್ದದ್ದು ತಮ್ಮನ ಮನೆಯಲ್ಲಿ. ಹೊರಡುವ ದಿನ ಅವನ ಹೆಂಡತಿ, “ಇನ್ನು ನೀವು ಅಲ್ಲೇ ಅಲ್ವಾ ಅತ್ತಿಗೆ” ಎಂದು ಖುಷಿಯಿಂದ ಹೇಳಿ, ನಾನು ರಿಕ್ಷಾ ಹತ್ತುವ ಮೊದಲೇ ನನ್ನ ಮಂಚವನ್ನು ಮಗನ ಕೋಣೆಗೆ ಸಾಗಿಸಿದ್ದಳು. ಹಾಗಾಗಿ ಆ ಇಕಾಮಾ ನನಗೆ ಬೇಕೇ ಬೇಕಿತ್ತು. ಕೇಳಲು ನಾಚಿಕೆ.

ಅಷ್ಟರಲ್ಲಿ ಒಂದು ಸಂಜೆ, “ಅಮ್ಮ, ಒಳ್ಳೆ ಸೀರೆ ಉಟ್ಕೊ, ಇವತ್ತು ಹೊರಗೆ ಊಟ” ಎಂದಳು ನಿಮ್ಮ ಅಮ್ಮ. ಇಕಾಮಾ ಆಯಿತೆಂದೇ ನಾನು ತಿಳಿದೆ. ಹೋದದ್ದು ಸಮುದ್ರದ ಬದಿಯ ದೊಡ್ಡ ಹೋಟೆಲಿನೊಳಗಿನ ಜಪಾನೀ ಊಟದ ಜಾಗಕ್ಕೆ. ಅಲ್ಲಿ ಆಯಾ ಋತುವಿಗೆ ತಕ್ಕ ಅಡುಗೆ, ಈಗಿನದು ಶರತ್ಕಾಲದ್ದು ಎಂದು ನಿಮ್ಮ ಅಪ್ಪ ವಿವರಿಸಿದರು. ಹೊರಗೆ ಕತ್ತಲಾದ ಮೇಲೂ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ತಟ್ಟೆಯಲ್ಲಿ ಒಂದು ಕೆಂಪು ಎಲೆ, ಅದರ ಮೇಲೆ ಹೆಬ್ಬೆರಳಿನಷ್ಟು ಹಸಿ ಮೀನು. ಅಷ್ಟು ಮೀನನ್ನು ನಾವು ಬೆಕ್ಕಿಗೆ ಹಾಕುವುದುಂಟು. ಸಾಲದೆಂದು ಬೆಕ್ಕು ಕೂಗುವುದೂ ಉಂಟು.

ನಮ್ಮಲ್ಲಿ ಎಲೆಯ ಮೇಲೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಬಡಿಸಿದರೂ ಅನ್ನ ಬೀಳುವ ತನಕ ಕೈ ಹಾಕುವ ಕ್ರಮ ಇಲ್ಲ. ನಾನು ಕೈ ಕಟ್ಟಿ ಕುಳಿತೆ. ನೀವಿಬ್ಬರು ತಿನ್ನುತ್ತಿದ್ದಿರಿ, ಹಸಿದ ಮಕ್ಕಳು, ತಿನ್ನಲಿ. ನಿಮ್ಮ ಅಪ್ಪನೂ ತಿನ್ನುತ್ತಿದ್ದರು. ಅಳಿಯನಿಗೆ ಕ್ರಮ ಕಲಿಸಲು ನಾನು ಯಾರು? ಕಿಮೋನೋ ತೊಟ್ಟ ಫಿಲಿಪೀನ್ಸಿನ ಹುಡುಗಿ ಬಂದು, “ಫಿನಿಶ್, ಮೇಡಂ?” ಎಂದಳು. ನನಗೆ ಬರುವ ಇಂಗ್ಲಿಷ್ ಉತ್ತರ ಒಂದೇ. “ಯೆಸ್” ಎಂದೆ. ತಟ್ಟೆ ಹೋಯಿತು. ಸುಟ್ಟ ಬದನೆಯ ಒಂದು ಚೂರು ಬಂತು, ಅದೂ ಹೋಯಿತು. ಮುಚ್ಚಳದ ಬಟ್ಟಲಿನಲ್ಲಿ ಸಾರು ಬಂತು. ಅನ್ನವಿಲ್ಲದೆ ಸಾರನ್ನು ಏನು ಮಾಡುವುದು?

“ಅಮ್ಮ, ಎಂತ ನೀನು ತಿನ್ನುದೇ ಇಲ್ಲ? ಎಲ್ಲ ನೋಡ್ತಾರೆ” ಎಂದು ನಿಮ್ಮ ಅಮ್ಮ ಪಿಸುಗುಟ್ಟಿದಳು.

“ಅನ್ನ ಬರ್ಲಿ.”

“ಬರ್ತದೆ, ಬರ್ತದೆ.”

ಬಂತು. ಆ ಊಟದಲ್ಲಿ ಅನ್ನ ಬರುವುದು ಎಲ್ಲ ಮುಗಿದ ಮೇಲಂತೆ. ಒಂದು ಸಣ್ಣ ಬಟ್ಟಲು ಅನ್ನ, ಎರಡು ಚೂರು ಉಪ್ಪಿನಕಾಯಿ. ನಾನು ಸೆರಗು ಸರಿಮಾಡಿಕೊಂಡು ಊಟ ಶುರು ಮಾಡುವಾಗ ನಿಮ್ಮ ಅಪ್ಪ ಗಂಟಲು ಸರಿಮಾಡಿಕೊಂಡರು.

“ಅತ್ತೆ, ಒಂದು ವಿಷಯ. ನಮ್ಮ ಅಮ್ಮನ ಇಕಾಮಾ ಆಯ್ತು, ಬರುವ ವಾರ ಬರ್ತಾರೆ. ರೂಮು ಒಂದೇ ಅಲ್ವಾ... ನಿಮ್ಮ ಟಿಕೆಟ್ ಗುರುವಾರಕ್ಕೆ ಆಗಿದೆ.”

ನಿಮ್ಮ ಅಮ್ಮ ಬಟ್ಟಲೊಳಗೆ ನೋಡುತ್ತಿದ್ದಳು. ಮಗಳ ಮನೆಯಲ್ಲಿ ಮೊದಲ ಜಾಗ ಅವಳ ಅತ್ತೆಗೆ ಎನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ಮದುವೆಯ ದಿನ ಅದನ್ನು ಅವಳಿಗೆ ಹೇಳಿಕೊಟ್ಟವಳೇ ನಾನು. ಅಷ್ಟು ಚೆನ್ನಾಗಿ ಕಲಿಯುತ್ತಾಳೆಂದು ತಿಳಿದಿರಲಿಲ್ಲ.

ನಿಮ್ಮಲ್ಲಿ ಚಿಕ್ಕವನು, “ಅಜ್ಜಿ, ಯು ವಾಂಟ್ ಟು ಗೋ?” ಎಂದ. ಆ ಮೇಜಿನಲ್ಲಿ ನನ್ನನ್ನು ಕೇಳಿದವನು ಅವನೊಬ್ಬನೇ. ಎಲ್ಲರೂ ನನ್ನ ಮುಖ ನೋಡಿದರು.

“ಹೌದು ಮಗ, ಇಲ್ಲಿಯ ಎಸಿ ನನಗೆ ಆಗುದಿಲ್ಲ” ಎಂದೆ. ನಿಮ್ಮ ಅಪ್ಪ ಉಸಿರು ಬಿಟ್ಟದ್ದು ಕೇಳಿಸಿತು.

ಮರುದಿನ ನಿಮ್ಮ ಅಮ್ಮ ಫೋನಿನಲ್ಲಿ ಗೆಳತಿಗೆ, “ಅಮ್ಮನಿಗೆ ಇಲ್ಲಿ ಸೇರ್ಲಿಲ್ಲ ಮಾರಾಯ್ತಿ. ಹೋಗ್ತೇನೆ ಅಂತ ಅವರೇ ಹೇಳಿದ್ದು” ಎನ್ನುತ್ತಿದ್ದಳು. ಸೀರೆ ಮಡಚುತ್ತಾ ಕೇಳಿಸಿಕೊಂಡೆ. ಸುಳ್ಳು ಎಂದು ಸಿಟ್ಟು ಮಾಡುವ ಹಾಗೂ ಇರಲಿಲ್ಲ.

ಮಕ್ಕಳೇ, ನನಗೆ ಹೋಗುವ ಮನಸ್ಸೇ ಇರಲಿಲ್ಲ. ಅಜ್ಜಿಗೆ ಈಗಲಾದರೂ ಹೇಳುವ ಧೈರ್ಯ ಬಂತಲ್ಲ ಎಂದು ಹೊಗಳಬೇಡಿ. ನಿಮ್ಮಿಬ್ಬರಿಗೂ ಕನ್ನಡ ಓದಲು ಬರುವುದಿಲ್ಲವೆಂದು ಗೊತ್ತಿದ್ದೇ ಇಷ್ಟನ್ನೂ ಬರೆದದ್ದು.