ಟವೆಲ್ಲಿನ ಬೆನ್ನು ಹತ್ತಿ

ಬಸ್ಸಿನ ಕಿಡಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ಪರಪ್ಪನಿಗೆ ಕೈಹತ್ತಿರಲಿಲ್ಲ. ಅಂದು ಸಿಂದಗಿಯ ಬಸ್‌ ಸ್ಟ್ಯಾಂಡಿನಲ್ಲಿ ಇಂಡಿಗೆ ಹೋಗುವ ಎರಡು ಬಸ್ಸು ಕಣ್ಣೆದುರೇ ತುಂಬಿಹೋದವು. ಮೊದಲನೆಯದರಲ್ಲಿ ಅವನ ಟವೆಲ್ ಮೇಲೆ ದಪ್ಪನೆಯ ಆಸಾಮಿಯೊಬ್ಬ ಕೂತು, ಹೊರಡುವಾಗ ಅದನ್ನು ಮರ್ಯಾದೆಯಿಂದ ವಾಪಸ್ ಎಸೆದ. ಎರಡನೆಯದರಲ್ಲಿ ಅದು ಈ ಕಿಡಕಿಯಲ್ಲಿ ಹೊಕ್ಕು ಆ ಕಿಡಕಿಯಲ್ಲಿ ಹೊರಬಿತ್ತು.

ಹೆಂಡತಿ ಸಿದ್ದವ್ವನ ಮೊಳಕಾಲು ಕುಂಬಳಕಾಯಿಯ ಹಾಗೆ ಬಾತಿತ್ತು. ಇಂಡಿಯಲ್ಲಿ ಎಲುಬಿನ ಡಾಕ್ಟರು ಸಿಗುವುದು ಮಂಗಳವಾರ ಮಾತ್ರ, ಅದೂ ಮಧ್ಯಾಹ್ನ ಎರಡರ ತನಕ. ಅಷ್ಟು ದೂರ ಬಸ್ಸಿನಲ್ಲಿ ನಿಂತು ಹೋಗುವುದು ಅವಳಿಂದ ಆಗದ ಮಾತು.

"ಲಗ್ನದಾಗ ಅಕ್ಕಿಕಾಳು ಒಗದಂಗ ಒಗೀತೀರಿ," ಎಂದಳು ಸಿದ್ದವ್ವ. "ಇರಲಿ ಬಿಡ್ರಿ, ನಿಂತ ಹೋಗೂಣು."

ಬಾಜೂಕ್ಕೆ ಕೂತಿದ್ದ ಮೋರಟಗಿಯ ವಿಜ್ಞಾನ ಮಾಸ್ತರ ಕಲ್ಮೇಶನಿಗೆ ಸುಮ್ಮನಿರಲಾಗಲಿಲ್ಲ.

"ಇದು ವಿಜ್ಞಾನ ಐತ್ರಿ ಕಾಕಾ. ಒಂದು ಬೆಳವ ಹಾರಿದ್ರ ಹಿಂಡೆಲ್ಲ ಹಾರ್ತೈತಿ, ಯಾಕ ಅಂತ ಒಂದೂ ಕೇಳಂಗಿಲ್ಲ. ಕುರಿ ಹಂಗ, ಇರಿವಿ ಹಂಗ, ಮಂದೀನೂ ಹಂಗ. ಇಲ್ಲಿ ಒಬ್ಬಾಂವ ಟವೆಲ್ ಹಿಡದು ಓಡಿದ್ರ ಸಾಕು, ಬಸ್ಸು ಬಂತಂತ ಎಲ್ಲಾರೂ ಓಡ್ತಾರ."

"ನೀವೂ ಓಡ್ತೀರೇನ್ರಿ ಸರ?"

"ನಮಗ ಗೊತ್ತೈತಲ್ರಿ. ನಾವ್ಯಾಕ ಓಡೂಣು?"

ಪರಪ್ಪನ ತಲೆಯಲ್ಲಿ ದೀಪ ಹತ್ತಿತು. ಹೆಂಡತಿಯ ಕಿವಿಗೆ ಬಾಯಿಟ್ಟ. "ನಾ ಸುಳ್ಳಽ ಓಡ್ತೇನಿ. ಮಂದಿ ನನ್ನ ಹಿಂದ ಬರ್ತೈತಿ. ನೀ ಇಲ್ಲೇ ಕುಂದ್ರು. ಬಸ್ಸು ಬಂದ ಮ್ಯಾಲ ಆರಾಮ ಹತ್ತಿ ಕಿಡಕಿ ಕಡಿ ಕೂಡು."

"ಆತ್ರಿ."

ಟವೆಲ್ ಎತ್ತಿ ಹಿಡಿದು, "ಇಂಡಿ, ಇಂಡಿ" ಎನ್ನುತ್ತ ಪರಪ್ಪ ನೀರಿನ ಟಾಕಿಯ ಕಡೆ ಓಡಿದ. ಮೊದಲು ಇಬ್ಬರು ಎದ್ದರು. ಆಮೇಲೆ ಚೀಲ, ಟ್ರಂಕು, ಕೋಳಿ ಸಮೇತ ಇಡೀ ಬಸ್‌ ಸ್ಟ್ಯಾಂಡು ಜೇನಿನ ಹಾಗೆ ಬೆನ್ನು ಹತ್ತಿತು. ತಿರುಗಿ ನೋಡಿದರೆ ಎಲ್ಲರಿಗಿಂತ ಮುಂದೆ ಕಲ್ಮೇಶ ಮಾಸ್ತರ, ಚಪ್ಪಲಿ ಕೈಯಲ್ಲಿ.

ಟಾಕಿಯ ಹಿಂದೆ ಮಂದಿ ಬಸ್ಸು ಹುಡುಕತೊಡಗಿದಾಗ ಪರಪ್ಪ ಮೆಲ್ಲಗೆ ಹಣಿಕಿ ಹಾಕಿದ. ನಿಜವಾದ ಬಸ್ಸು ತನ್ನ ಜಾಗಕ್ಕೆ ಬಂದು ನಿಂತಿತ್ತು. ಒಳಗೆ ಎಲ್ಲ ಸೀಟೂ ಖಾಲಿ. ಅವನ ಎದೆ ತುಂಬಿ ಬಂತು. ಯಾವ ಕಿಡಕಿಯಲ್ಲಿ ಸಿದ್ದವ್ವನ ಮುಖ ಕಂಡೀತೆಂದು ಒಂದೊಂದಾಗಿ ನೋಡಿದ. ಒಂದರಲ್ಲೂ ಕಾಣಲಿಲ್ಲ. ಕಂಡಕ್ಟರ್ ಅತ್ತ ಇತ್ತ ನೋಡಿದ, ಹತ್ತುವವರು ಯಾರೂ ಇಲ್ಲವೆಂದು ಗಂಟೆ ಹೊಡೆದ. ಬಸ್ಸು ಹಗುರಾಗಿ ಹೊರಟುಹೋಯಿತು.

ಹಿಂದಿನಿಂದ ಯಾರೋ ಅವನ ತೋಳು ಹಿಡಿದರು. ಸಿದ್ದವ್ವ. ಸೆರಗು ಸೊಂಟಕ್ಕೆ ಸಿಗಿಸಿದ್ದಳು, ಏದುಸಿರು ಬಿಡುತ್ತಿದ್ದಳು.

"ಕುಂದ್ರು ಅಂತ ಹೇಳಿದ್ನಲ್ಲಽ," ಎಂದ ಪರಪ್ಪ.

"ನೀವು ಹೇಳಿದ್ದು ನನಗ ನೆನಪಿತ್ರಿ," ಎಂದಳು ಅವಳು, ಅವನ ಹೆಗಲಿಗೆ ಭಾರ ಬಿಟ್ಟು. "ಈ ಕಾಲಿಗಿ ಇರಲಿಲ್ಲ ನೋಡ್ರಿ."